ಜಪ್ತಿಗೆ ಮೊದಲು ಅಧಿಕಾರಪತ್ರ, ಪಾವತಿಗೆ ಮೊದಲು ನೋಟಿಸು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಜಿಎಸ್‌ಟಿ ತಪಾಸಣೆಯ ಬಗ್ಗೆ. ತೆರಿಗೆ ಎಷ್ಟು ಎಂಬ ಲೆಕ್ಕ ಯಾರೂ ಕೇಳಿಲ್ಲ. ಅಧಿಕಾರಿಗಳು ಬಂದಾಗ ಏನು ಕೊಡಬೇಕು, ಏನು ಕೇಳಬೇಕು, ಯಾವುದಕ್ಕೆ ಸಹಿ ಹಾಕಬೇಕು ಎಂಬ ಗಾಬರಿಯೇ ಎಲ್ಲದರಲ್ಲೂ ಇದೆ. ನಾನು ಮಾರಾಟ ತೆರಿಗೆಯ ಕಾಲಕ್ಕೆ ಇಲಾಖೆ ಸೇರಿ, ವ್ಯಾಟ್ ದಾಟಿ, ಜಿಎಸ್‌ಟಿ ಬಂದ ಮೇಲೆ ನಿವೃತ್ತಳಾದವಳು. ಜಾರಿ ದಳದ ಜೊತೆ ಶೋಧಕ್ಕೂ ಹೋಗಿದ್ದೇನೆ. ಆಮೇಲೆ ಮೇಲ್ಮನವಿ ವಿಭಾಗದಲ್ಲಿ ಕೂತು ಬೇರೆಯವರು ನಡೆಸಿದ ಶೋಧಗಳ ಕಡತಗಳನ್ನೂ ಓದಿದ್ದೇನೆ. ಆ ಎರಡೂ ಅನುಭವದಿಂದ ಉತ್ತರಿಸುತ್ತಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಹಾರ್ಡ್‌ವೇರ್, ಸಿಮೆಂಟಿನ ಅಂಗಡಿ. ಕಳೆದ ತಿಂಗಳು ಒಂದು ಸಂಜೆ ಜಿಎಸ್‌ಟಿಯವರು ಬಂದು ಶಟರ್ ಅರ್ಧ ಇಳಿಸಿದರು. ಬಿಲ್ ಬುಕ್, ಕಿರ್ದಿ ಪುಸ್ತಕ, ಮಗನ ಲ್ಯಾಪ್‌ಟಾಪ್ ಎಲ್ಲ ತೆಗೆದುಕೊಂಡರು. ರಾತ್ರಿ ಹನ್ನೊಂದೂವರೆಗೆ, ‘4 ಲಕ್ಷ ಈಗಲೇ ಕಟ್ಟಿದರೆ ಇಲ್ಲಿಗೇ ಮುಗಿಯುತ್ತದೆ, ಇಲ್ಲದಿದ್ದರೆ ಗೋಡೌನ್ ಸೀಲ್ ಮಾಡುತ್ತೇವೆ’ ಎಂದರು. ಆಡಿಟರ್ ಫೋನ್ ಎತ್ತಲಿಲ್ಲ. ಮಗ ಹೆದರಿ ಆನ್‌ಲೈನಿನಲ್ಲಿ ಕಟ್ಟಿಬಿಟ್ಟ. ಈಗ ಏನಾದರೂ ಮಾಡಬಹುದೆ? (ದಾವಣಗೆರೆ ಜಿಲ್ಲೆ)

ಉತ್ತರ: ಮಾಡಬಹುದು. ಆದರೆ ಮೊದಲು ಆ ಸಂಜೆ ನಿಮಗೆ ತೋರಿಸಬೇಕಾಗಿದ್ದ ಕಾಗದದ ವಿಷಯ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಜಿಎಸ್‌ಟಿ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಯಾವ ಅಧಿಕಾರಿಯೂ ತನ್ನಷ್ಟಕ್ಕೆ ತಾನೇ ನಿಮ್ಮ ಅಂಗಡಿಯನ್ನು ಶೋಧಿಸುವಂತಿಲ್ಲ. ಜಂಟಿ ಆಯುಕ್ತರು ಅಥವಾ ಅವರಿಗಿಂತ ಮೇಲಿನವರು, ತೆರಿಗೆ ತಪ್ಪಿಸಲಾಗಿದೆ ಎಂದು ನಂಬಲು ಕಾರಣವಿದ್ದಾಗ, ಬರಹದಲ್ಲಿ ಅಧಿಕಾರ ಕೊಡಬೇಕು. ಆ ಅಧಿಕಾರಪತ್ರದ ನಮೂನೆ ಐಎನ್‌ಎಸ್-01. ಯಾವ ಅಧಿಕಾರಿ, ಯಾವ ಜಾಗ, ಬರೀ ಪರಿಶೀಲನೆಯೋ ಶೋಧವೋ ಎಂಬುದೆಲ್ಲ ಅದರಲ್ಲಿರುತ್ತದೆ. ಕೊನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ಪರಿಶೀಲನೆಗೆ ಮಾತ್ರ ಅಧಿಕಾರ ಸಿಕ್ಕವರು ಸ್ಟಾಕ್ ಎಣಿಸಬಹುದು, ಲೆಕ್ಕ ನೋಡಬಹುದು. ಬೀರು ಜಾಲಾಡಿ ಪುಸ್ತಕ ಹೊತ್ತುಕೊಂಡು ಹೋಗಬೇಕಾದರೆ ಶೋಧದ ಅಧಿಕಾರ ಬೇರೆಯೇ ಬೇಕು.

ಶೋಧಕ್ಕೆ ಕ್ರಿಮಿನಲ್ ಪ್ರಕ್ರಿಯೆಯ ನಿಯಮಗಳೇ ಅನ್ವಯಿಸುತ್ತವೆ. ಮೊದಲು ಸಿಆರ್‌ಪಿಸಿ ಇತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಊರಿನ ಇಬ್ಬರು ಸ್ವತಂತ್ರ ಪಂಚರು ಇರಬೇಕು, ತೆಗೆದುಕೊಂಡ ವಸ್ತುಗಳ ಪಟ್ಟಿ ಅಲ್ಲೇ ಬರೆದು ಅವರ ಸಹಿ ಪಡೆಯಬೇಕು, ಒಂದು ಪ್ರತಿ ನಿಮಗೆ ಕೊಡಬೇಕು. ಹೊಸ ಸಂಹಿತೆಯಲ್ಲಿ ಶೋಧವನ್ನು ಧ್ವನಿ ಸಹಿತ ವಿಡಿಯೋ ಮಾಡಬೇಕೆಂಬ ವಿಧಿಯೂ ಸೇರಿದೆ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2021ರ ಫೆಬ್ರವರಿಯಲ್ಲಿ ತನ್ನ ಅಧಿಕಾರಿಗಳಿಗೆ ಕೊಟ್ಟ ಸೂಚನೆ ಇನ್ನೂ ವಿವರವಾಗಿದೆ. ಗುರುತಿನ ಚೀಟಿ ತೋರಿಸಬೇಕು, ಅಧಿಕಾರಪತ್ರದ ಮೇಲೆ ನಿಮ್ಮ ಸಹಿಯನ್ನು ದಿನಾಂಕ, ಸಮಯದ ಸಮೇತ ಪಡೆಯಬೇಕು, ಶೋಧದ ಮೊದಲೂ ಆಮೇಲೂ ಅಧಿಕಾರಿಗಳು ತಮ್ಮನ್ನೇ ತಪಾಸಣೆಗೆ ಒಡ್ಡಿಕೊಳ್ಳಬೇಕು, ಮನೆಯ ಶೋಧವಾದರೆ ತಂಡದಲ್ಲಿ ಮಹಿಳಾ ಅಧಿಕಾರಿ ಇರಲೇಬೇಕು, ಮಕ್ಕಳನ್ನು ಬ್ಯಾಗ್ ನೋಡಿ ಶಾಲೆಗೆ ಕಳಿಸಬೇಕು. ನಾನು ಶೋಧಕ್ಕೆ ಹೋದಾಗಲೆಲ್ಲ ನನ್ನ ಕೈಚೀಲವನ್ನು ಮಾಲೀಕರ ಮೇಜಿನ ಮೇಲೆ ಬಿಚ್ಚಿ ತೋರಿಸಿಯೇ ಒಳಗೆ ಕಾಲಿಡುತ್ತಿದ್ದೆ. ಇದರಿಂದ ವ್ಯಾಪಾರಿಗೂ ರಕ್ಷಣೆ, ಅಧಿಕಾರಿಗೂ ರಕ್ಷಣೆ. ‘ಚೀಲದಲ್ಲಿ ತಂದು ಇಟ್ಟರು’ ಎಂಬ ಮಾತು ಮುಂದೆ ಹುಟ್ಟುವುದಿಲ್ಲ.

ಗೋಡೌನ್ ಸೀಲ್ ಮಾಡುವ ಬೆದರಿಕೆ ಹಾಕಿದರು ಎಂದಿರಿ. ಬಾಗಿಲು ಸೀಲ್ ಮಾಡುವ ಅಥವಾ ಒಡೆಯುವ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ಒಳಗೆ ಬಿಡದೆ ತಡೆದಾಗ ಮಾತ್ರ. ಬೀಗ ತೆಗೆದು ಕೊಟ್ಟವರಿಗೆ ಆ ಮಾತು ಹೇಳುವಂತೆಯೇ ಇಲ್ಲ.

ಇನ್ನು ಹಣ. ಮಗ ಕಟ್ಟಿದ್ದು ಬಹುಶಃ ಡಿಆರ್‌ಸಿ-03 ನಮೂನೆಯಲ್ಲಿ. ಅದು ಇರುವುದು ಸ್ವಇಚ್ಛೆಯಿಂದ ಕಟ್ಟುವವರಿಗೆ. ತನ್ನ ಲೆಕ್ಕದಲ್ಲಿ ಬಾಕಿ ಕಂಡವರು ನೋಟಿಸಿಗೆ ಮೊದಲೇ ಬಡ್ಡಿ ಸಮೇತ ಕಟ್ಟಿದರೆ ದಂಡದಲ್ಲಿ ಅವರಿಗೆ ಅನುಕೂಲವಿದೆ. ಶೋಧದ ರಾತ್ರಿ ವಸೂಲಿ ಮಾಡಲು ಅದನ್ನು ಮಾಡಿಲ್ಲ. ನೋಟಿಸು ಕೊಟ್ಟು, ಉತ್ತರ ಕೇಳಿ, ಆದೇಶ ಹೊರಡಿಸಿ, ಅದು ನಿಮಗೆ ತಲುಪಿ 3 ತಿಂಗಳಾದ ಮೇಲೆ ವಸೂಲಿ, ಇದು ಕಾಯ್ದೆಯ ದಾರಿ. 2022ರ ಮೇ 25ರಂದು ಕೇಂದ್ರ ಮಂಡಳಿಯ ತನಿಖಾ ವಿಭಾಗವೇ, ಶೋಧದ ವೇಳೆ ವಸೂಲಿ ಮಾಡುವ ಸಂದರ್ಭವೇ ಬರುವುದಿಲ್ಲ ಎಂದು ಸೂಚನೆ ಹೊರಡಿಸಿತು.

ನಮ್ಮ ರಾಜ್ಯದ್ದೇ ದೊಡ್ಡ ಉದಾಹರಣೆ ಇದೆ. ಬೆಂಗಳೂರಿನ ಸ್ವಿಗ್ಗಿ ಕಂಪನಿಯಿಂದ 2019ರ ನವೆಂಬರ್ ತನಿಖೆಯಲ್ಲಿ 15 ಕೋಟಿ, ಆಮೇಲೆ ಮತ್ತೆ 12.51 ಕೋಟಿ ರೂಪಾಯಿ ಕಟ್ಟಿಸಿಕೊಳ್ಳಲಾಗಿತ್ತು. ಮೊದಲ ಕಂತು ಕಟ್ಟಿದ್ದು ಬೆಳಗಿನ ಜಾವ 4ರ ಸುಮಾರಿಗೆ. ಕಂಪನಿ ಹೈಕೋರ್ಟಿಗೆ ಹೋಯಿತು. 2021ರಲ್ಲಿ ಏಕಸದಸ್ಯ ಪೀಠ ಹಣ ಹಿಂದಿರುಗಿಸಲು ಹೇಳಿತು, 2022ರ ಮಾರ್ಚಿನಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. ತೆರಿಗೆ ಬಾಕಿ ಇದೆಯೋ ಇಲ್ಲವೋ ಎಂಬುದು ತನಿಖೆಯಲ್ಲಿ ತೀರ್ಮಾನವಾಗಲಿ, ಆದರೆ ಅಂಥ ಹೊತ್ತಿನಲ್ಲಿ ಕಟ್ಟಿಸಿಕೊಂಡದ್ದನ್ನು ಸ್ವಇಚ್ಛೆ ಎನ್ನಲಾಗದು ಎಂಬುದು ಅದರ ತಿರುಳು. 2025ರ ಫೆಬ್ರವರಿ 27ರಂದು ರಾಧಿಕಾ ಅಗರ್‌ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಬಂಧನದ ಭಯ ಹುಟ್ಟಿಸಿ ತೆರಿಗೆ ಕಟ್ಟಿಸಿಕೊಳ್ಳುವಂತಿಲ್ಲ ಎಂದಿತು.

ನೀವು ಮಾಡಬೇಕಾದ್ದು ಇಷ್ಟು. ಮಹಜರಿನ ಪ್ರತಿ ತೆಗೆದು, ಶುರುವಾದ ಮತ್ತು ಮುಗಿದ ಸಮಯ ನೋಡಿ. ಡಿಆರ್‌ಸಿ-03ರ ಮೇಲಿನ ಸಮಯ ಅದರ ನಡುವೆಯೇ ಬಿದ್ದಿದ್ದರೆ ಅದೇ ನಿಮ್ಮ ಮೊದಲ ಸಾಕ್ಷಿ. ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮುನ್ನ ಬೇರೆ ಕಡೆ ಉಳಿಸಿಕೊಳ್ಳಿ. ‘ಈ ಹಣ ಒತ್ತಡದಲ್ಲಿ ಕಟ್ಟಿದ್ದು, ಬಾಕಿ ಒಪ್ಪಿಕೊಂಡು ಕಟ್ಟಿದ್ದಲ್ಲ’ ಎಂದು ಆ ಅಧಿಕಾರಿಗೂ ಜಂಟಿ ಆಯುಕ್ತರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ. ಒಂದು ತಿಂಗಳಾಗಿದೆ, ಇನ್ನು ತಡಮಾಡಬೇಡಿ; ತಡವಾದಷ್ಟೂ ‘ಆಗ ಏಕೆ ಸುಮ್ಮನಿದ್ದಿರಿ’ ಎಂಬ ಪ್ರಶ್ನೆ ಬಲವಾಗುತ್ತದೆ. ಪುಸ್ತಕಗಳ, ಲ್ಯಾಪ್‌ಟಾಪಿನಲ್ಲಿರುವ ಲೆಕ್ಕದ ನಕಲು ಕೇಳುವ ಹಕ್ಕು ನಿಮಗಿದೆ. ನೋಟಿಸಿನಲ್ಲಿ ಬಳಸದ ದಾಖಲೆಗಳನ್ನು, ನೋಟಿಸು ಕೊಟ್ಟ 30 ದಿನದೊಳಗೆ ವಾಪಸು ಮಾಡಬೇಕು. ಹಾಗೆಯೇ ನಿಮ್ಮ ಲೆಕ್ಕವನ್ನು ನೀವೇ ಪ್ರಾಮಾಣಿಕವಾಗಿ ಒಮ್ಮೆ ಕೂಡಿಸಿ ನೋಡಿ. ಬಿಲ್ ಇಲ್ಲದ ಮಾರಾಟ ನಿಜವಾಗಿಯೂ ಇದ್ದರೆ ವಿಧಾನದ ತಪ್ಪು ಹಿಡಿದು ತೆರಿಗೆಯಿಂದ ಪಾರಾಗಲು ಆಗುವುದಿಲ್ಲ. ಎಷ್ಟು ಇದೆಯೋ ಅಷ್ಟು ಕಟ್ಟಬೇಕಾಗುತ್ತದೆ.

ಪ್ರಶ್ನೆ: ಸಾಗರದ ಕಡೆಯ ಅಡಿಕೆ ವ್ಯಾಪಾರಿ ನಾನು. ಉತ್ತರದ ಕಡೆ ಹೊರಟಿದ್ದ ರಾಶಿ ಅಡಿಕೆಯ ಲೋಡನ್ನು ದಾರಿಯಲ್ಲಿ ತಡೆದರು. ಇ-ವೇ ಬಿಲ್ಲಿನಲ್ಲಿ ಲಾರಿ ನಂಬರಿನ ಒಂದು ಅಂಕಿ ತಪ್ಪು ಬಿದ್ದಿತ್ತು, ಬೇರೆಲ್ಲ ಸರಿ ಇತ್ತು. ಎರಡು ದಿನ ನಿಲ್ಲಿಸಿ, ತೆರಿಗೆಯ ಎರಡರಷ್ಟು ದಂಡ ಕಟ್ಟಿಸಿಕೊಂಡು ಬಿಟ್ಟರು. ರಸೀದಿ ಬಿಟ್ಟು ಬೇರೇನೂ ಕೊಡಲಿಲ್ಲ. ಡ್ರೈವರ್ ಪರದೇಶಿಯಂತೆ ನಿಂತಿದ್ದ, ಹಾಗಾಗಿ ಕಟ್ಟಿದೆ.

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಅಡಿಕೆಯ ಲೋಡು ಎಂದರೆ ಲಕ್ಷಗಟ್ಟಲೆ ಬೆಲೆ. ಒಣ ಅಡಿಕೆಗೆ ತೆರಿಗೆ ಶೇ 5. ಅದರ ಶೇ 200 ಎಂದರೆ ಲೋಡಿನ ಬೆಲೆಯ ಹತ್ತನೇ ಒಂದು ಭಾಗ ಹೋದಂತೆ. ಒಂದು ಅಂಕಿಗೆ ಅಷ್ಟು ದಂಡ ಹಾಕುವಂತಿರಲಿಲ್ಲ.

ಕೇಂದ್ರ ಮಂಡಳಿಯ 2018ರ ಸೆಪ್ಟೆಂಬರ್ 14ರ ಸುತ್ತೋಲೆಯೊಂದಿದೆ, ಸಂಖ್ಯೆ 64. ಬಿಲ್ಲೂ, ಸಾಗಣೆಗೆಂದು ಪೋರ್ಟಲಿನಲ್ಲಿ ತೆಗೆಯುವ ಇ-ವೇ ಬಿಲ್ಲೂ ಜೊತೆಗಿದ್ದು, ತಪ್ಪು ಸಣ್ಣದಾಗಿದ್ದರೆ 129ನೇ ಸೆಕ್ಷನ್ ಹಚ್ಚಿ ಮಾಲು ತಡೆಯಬಾರದು ಎನ್ನುತ್ತದೆ ಅದು. ಯಾವುದು ಸಣ್ಣ ತಪ್ಪು ಎಂದೂ ಹೇಳಿದೆ. ಕೊಳ್ಳುವವರ ಹೆಸರಿನ ಕಾಗುಣಿತ, ವಿಳಾಸ ಸರಿಯಿದ್ದೂ ಪಿನ್ ಕೋಡ್ ತಪ್ಪಿದ್ದು, ಬಿಲ್ ಸಂಖ್ಯೆಯ ಒಂದೆರಡು ಅಂಕಿ, ವಾಹನ ಸಂಖ್ಯೆಯ ಒಂದೆರಡು ಅಂಕಿ ಅಥವಾ ಅಕ್ಷರ. ಇಂಥದ್ದಕ್ಕೆ ರಾಜ್ಯದೊಳಗಿನ ಸಾಗಣೆಯಾದರೆ ಕೇಂದ್ರದ ಲೆಕ್ಕಕ್ಕೆ 500, ರಾಜ್ಯದ ಲೆಕ್ಕಕ್ಕೆ 500. ಹೊರರಾಜ್ಯಕ್ಕಾದರೆ 1,000 ರೂಪಾಯಿ. ನಿಮ್ಮದು ಸಾವಿರ ರೂಪಾಯಿಯ ತಪ್ಪು. ಈ ಸುತ್ತೋಲೆಯ ಪ್ರತಿಯನ್ನು ಪ್ರತಿ ಲಾರಿಯ ಕಾಗದಗಳ ಜೊತೆ ಇಟ್ಟು ಕಳಿಸಿ ಎಂದು ನಾನು ಮಂಡಿಯವರಿಗೆ ಹೇಳುತ್ತಲೇ ಬಂದಿದ್ದೇನೆ.

ಡ್ರೈವರುಗಳಿಗೆ ಗೊತ್ತಿರಬೇಕಾದ ಇನ್ನೊಂದು ವಿಷಯ: ಲಾರಿಯನ್ನು 30 ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಿಕೊಂಡರೆ, ಸಾಗಣೆದಾರರು ಇ-ವೇ ಬಿಲ್ ಪೋರ್ಟಲಿನಲ್ಲಿ ಇಡಬ್ಲ್ಯುಬಿ-04 ನಮೂನೆಯಲ್ಲಿ ಅದನ್ನು ದಾಖಲಿಸಬಹುದು. ತಡೆದವರೂ 24 ಗಂಟೆಯೊಳಗೆ ಪೋರ್ಟಲಿನಲ್ಲಿ ಸಂಕ್ಷಿಪ್ತ ವರದಿ ಹಾಕಬೇಕು. ಒಮ್ಮೆ ಪರಿಶೀಲಿಸಿದ ಲೋಡನ್ನು, ತೆರಿಗೆ ವಂಚನೆಯ ಖಚಿತ ಮಾಹಿತಿ ಬಂದ ಹೊರತು, ದಾರಿಯಲ್ಲಿ ಮತ್ತೆ ಬಿಚ್ಚಿಸುವಂತಿಲ್ಲ.

ರಸೀದಿ ಬಿಟ್ಟು ಬೇರೇನೂ ಕೊಡಲಿಲ್ಲ ಎಂದಿರಲ್ಲ, ಅದನ್ನೇ ಹಿಡಿಯಿರಿ. ತಡೆದ 7 ದಿನದೊಳಗೆ ನೋಟಿಸು, ನೋಟಿಸು ತಲುಪಿದ 7 ದಿನದೊಳಗೆ ಆದೇಶ ಎಂಬುದು ನಿಯಮ. ‘ದಂಡ ಕಟ್ಟಿದ್ದಾರೆ, ಪ್ರಕರಣ ಮುಗಿಯಿತು’ ಎಂದು ಆದೇಶ ಕೊಡದೆ ಬಿಡುವುದು ರೂಢಿಯಾಗಿತ್ತು. ಆದೇಶವೇ ಇಲ್ಲದಿದ್ದರೆ ಮೇಲ್ಮನವಿ ಹಾಕುವುದು ಯಾವುದರ ಮೇಲೆ? ಉತ್ತರ ಪ್ರದೇಶದಲ್ಲಿ ಅಡಿಕೆ ಲೋಡು ತಡೆದ ಎಎಸ್‌ಪಿ ಟ್ರೇಡರ್ಸ್ ಪ್ರಕರಣದಲ್ಲಿ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಹಣ ಕಟ್ಟಿದ್ದರೂ ಅಧಿಕಾರಿ ಕಾರಣ ಸಹಿತವಾದ ಅಂತಿಮ ಆದೇಶ ಕೊಡಲೇಬೇಕು. ಆ ತೀರ್ಪನ್ನು ಉಲ್ಲೇಖಿಸಿ ಎಂಒವಿ-09 ನಮೂನೆಯಲ್ಲಿ ಅಂತಿಮ ಆದೇಶ ಕೊಡಿ ಎಂದು, ನಿಮ್ಮ ಲೋಡನ್ನು ತಡೆದ ಅಧಿಕಾರಿಗೆ ಬರೆಯಿರಿ. ಕೈಗೆ ಬಂದ ಮೇಲೆ ಅಲ್ಲಿಯೇ ಮೇಲ್ಮನವಿ. ದೂರದ ಊರು, ಓಡಾಟ ಎಂದು ಕೈಬಿಡುವವರೇ ಹೆಚ್ಚು. ಮೊತ್ತ ನೋಡಿ ನೀವೇ ನಿರ್ಧರಿಸಿ, ಆದರೆ ಪತ್ರವನ್ನಂತೂ ಬರೆಯಿರಿ.

ಪ್ರಶ್ನೆ: ಅಮ್ಮ, ನಾನು ಬೆಂಗಳೂರಿನಲ್ಲಿ ಹಣ್ಣು, ತೆಂಗಿನಕಾಯಿ, ಬಾಳೆಎಲೆ ಮಾರುತ್ತೇನೆ. ಜೊತೆಗೆ ಸ್ವಲ್ಪ ಅಗರಬತ್ತಿ, ಬಿಸ್ಕೆಟ್ ಇದೆ. ಫೋನ್‌ಪೇ ಲೆಕ್ಕ ನೋಡಿ 2025ರಲ್ಲಿ ನೋಟಿಸು ಬಂದಿತ್ತು. ಗಲಾಟೆಯಾಗಿ, ಕಟ್ಟಬೇಕಿಲ್ಲ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಸುಮ್ಮನಿರಲೇ?

ಉತ್ತರ: ಸುಮ್ಮನಿರಬೇಡಿ ತಾಯಿ. 2025ರ ಜುಲೈನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆಯಲ್ಲಿ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಅದು ಭರವಸೆ. ನಿಮ್ಮ ಹೆಸರಿನ ನೋಟಿಸು ಮುಗಿಯಿತೆಂದು ಹೇಳುವ ಕಾಗದ ಬೇರೆ. ಅದು ಕೈಗೆ ಬಂದಿಲ್ಲವಾದರೆ ಉತ್ತರ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ಉತ್ತರದಲ್ಲಿ ಹಣವನ್ನು ಬಿಡಿಸಿ ಬರೆಯಿರಿ. ತಾಜಾ ಹಣ್ಣು, ತೆಂಗಿನಕಾಯಿಗೆ ತೆರಿಗೆ ಇಲ್ಲ. ಮಗಳು ಕಳಿಸಿದ್ದು, ಕೈಸಾಲ ವಾಪಸು ಬಂದದ್ದು, ಚೀಟಿಯ ಹಣ, ಇವು ವ್ಯಾಪಾರವೇ ಅಲ್ಲ. ಉಳಿದದ್ದು ಅಗರಬತ್ತಿ, ಬಿಸ್ಕೆಟ್. ಬರೀ ತೆರಿಗೆಯಿಲ್ಲದ ಮಾಲು ಮಾರುವವರು ವಹಿವಾಟು ಎಷ್ಟೇ ಇದ್ದರೂ ನೋಂದಣಿ ಮಾಡಿಸಬೇಕಿಲ್ಲ. ನಿಮ್ಮದು ಎರಡೂ ಬೆರೆತಿದೆ, ಹಾಗಾಗಿ ವರ್ಷದ ಒಟ್ಟು ಮಾರಾಟ 40 ಲಕ್ಷ ದಾಟಿದರೆ ನೋಂದಣಿ ಬೇಕು. ಎಣಿಸುವಾಗ ಹಣ್ಣಿನದೂ ಸೇರುತ್ತದೆ, ತೆರಿಗೆ ಮಾತ್ರ ಅಗರಬತ್ತಿ, ಬಿಸ್ಕೆಟಿಗೆ. ಸಣ್ಣ ವ್ಯಾಪಾರಿಗಳಿಗೆಂದು ಇರುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಗೆ ಸೇರಿದರೆ ಅದರ ಮೇಲೆ ಶೇ 1. ಕ್ಯೂಆರ್ ಕೋಡ್ ತೆಗೆದುಹಾಕಿ ನಗದಿಗೆ ಮರಳುವುದು ಪರಿಹಾರವಲ್ಲ. ನಗದಿನ ಮಾರಾಟವೂ ಮಾರಾಟವೇ.

ಪ್ರಶ್ನೆ: ನನ್ನ ತಮ್ಮ ಕಬ್ಬಿಣದ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುತ್ತಾನೆ. ಅವನಿಗೆ ಸಮನ್ಸ್ ಬಂದಿದೆ. ಹೋದರೆ ಅರೆಸ್ಟ್ ಮಾಡುತ್ತಾರೆ ಎಂದು ಅವ್ವ ಅನ್ನ ಬಿಟ್ಟು ಕೂತಿದ್ದಾಳೆ. (ಹುಬ್ಬಳ್ಳಿ)

ಉತ್ತರ: ಅವ್ವನಿಗೆ ಮೊದಲು ಇದನ್ನು ಓದಿ ಹೇಳಿ. 70ನೇ ಸೆಕ್ಷನ್ನಿನ ಸಮನ್ಸ್ ಎಂದರೆ ಸಾಕ್ಷ್ಯ ಹೇಳಲು, ದಾಖಲೆ ತರಲು ಕರೆ. ಅದೊಂದರಿಂದಲೇ ಯಾರೂ ಆರೋಪಿಯಾಗುವುದಿಲ್ಲ. ಬಂಧನಕ್ಕೆ ಬೇರೆ ಸೆಕ್ಷನ್ ಇದೆ, 69. ಅದಕ್ಕೆ ಆಯುಕ್ತರ ಆದೇಶ ಬೇಕು, ಮೊದಲ ಸಲದ ಪ್ರಕರಣವಾದರೆ ತೆರಿಗೆಯ ಮೊತ್ತ 2 ಕೋಟಿ ರೂಪಾಯಿ ದಾಟಿರಬೇಕು, ಅದೂ ಬಿಲ್ಲಿಲ್ಲದೆ ಮಾರುವುದು, ಮಾಲಿಲ್ಲದೆ ಬಿಲ್ ಕೊಡುವಂಥ ಗಂಭೀರ ತಪ್ಪುಗಳಿಗೆ. ಸಂಬಳಕ್ಕೆ ಲೆಕ್ಕ ಬರೆಯುವವನ ಸಾಕ್ಷ್ಯ ಬೇಕಾಗಿರುವುದು ಸಹಜ.

ಹೋಗಲಿ, ತಪ್ಪಿಸಿಕೊಳ್ಳುವುದು ಬೇಡ. ಹೇಳಿಕೆಯನ್ನು ಕನ್ನಡದಲ್ಲಿ, ಸಾಧ್ಯವಾದರೆ ತನ್ನ ಕೈಯಾರೆ ಬರೆಯುತ್ತೇನೆ ಎಂದು ಕೇಳಲಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಎಂಟು ಪುಟಕ್ಕೆ ಕೊನೆಯಲ್ಲಿ ಸಹಿ ಹಾಕಿ ಬಂದವರ ಕಡತಗಳನ್ನು ಮೇಲ್ಮನವಿಯಲ್ಲಿ ನೋಡಿ ನನಗೆ ಸಂಕಟವಾಗುತ್ತಿತ್ತು. ‘ನಾನು ಹಾಗೆ ಹೇಳಿರಲಿಲ್ಲ’ ಎಂದು ಎದುರಿಗೆ ನಿಂತು ಅಳುತ್ತಿದ್ದರು, ಕಾಗದ ಬೇರೆಯೇ ಹೇಳುತ್ತಿತ್ತು. ತನಗೆ ಗೊತ್ತಿರುವುದನ್ನು ಮಾತ್ರ ಹೇಳಲಿ. ಮಾಲೀಕರ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸಿ ಹೇಳುವುದು ಬೇಡ, ‘ಗೊತ್ತಿಲ್ಲ’ ಎನ್ನುವುದೂ ಉತ್ತರವೇ. ಸುಳ್ಳಂತೂ ಬೇಡವೇ ಬೇಡ. ಈ ವಿಚಾರಣೆಯನ್ನು ಕಾಯ್ದೆ ನ್ಯಾಯಾಂಗ ನಡಾವಳಿ ಎಂದು ಪರಿಗಣಿಸುತ್ತದೆ, ಸುಳ್ಳು ಸಾಕ್ಷ್ಯಕ್ಕೆ ಶಿಕ್ಷೆ ಇದೆ. ಒತ್ತಾಯದಿಂದ ಬರೆಸಿಕೊಂಡರೆ ಮರುದಿನವೇ ಬರಹದಲ್ಲಿ ತಿಳಿಸಬೇಕು.

ಪ್ರಶ್ನೆ: ಶೋಧದಲ್ಲಿ ಮನೆಯ ಬೀರುವಿನಲ್ಲಿದ್ದ ನಗದನ್ನೂ ತೆಗೆದುಕೊಂಡು ಹೋದರು. ಮಗಳ ಮದುವೆಗೆ ಕೂಡಿಟ್ಟದ್ದು. ಹಣವನ್ನು ಜಪ್ತಿ ಮಾಡಬಹುದೆ? (ರಾಯಚೂರು ಜಿಲ್ಲೆ)

ಉತ್ತರ: ಇದರ ಬಗ್ಗೆ ಹೈಕೋರ್ಟುಗಳು ಒಂದೇ ಮಾತು ಹೇಳಿಲ್ಲ. ಕಾಯ್ದೆಯಲ್ಲಿ ಸರಕು ಎಂಬುದರ ಅರ್ಥದಿಂದ ಹಣವನ್ನು ಹೊರಗಿಟ್ಟಿದೆ. ಹಾಗಾಗಿ ದಾಖಲೆ, ಪುಸ್ತಕದ ಜೊತೆಗೆ ಬರುವ ‘ವಸ್ತುಗಳು’ ಎಂಬಲ್ಲಿ ಹಣ ಸೇರುತ್ತದೆಯೇ ಎಂಬುದು ಪ್ರಶ್ನೆ. 2020ರಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಸೇರುತ್ತದೆ ಎಂದಿತು. 2023ರ ಆಗಸ್ಟಿನಲ್ಲಿ ದೀಪಕ್ ಖಂಡೇಲ್‌ವಾಲ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಸೇರುವುದಿಲ್ಲ ಎಂದಿತು: ತನಿಖೆಗೆ ಸಾಕ್ಷ್ಯವಾಗುವ ವಸ್ತುಗಳನ್ನು ಮಾತ್ರ ಒಯ್ಯಬಹುದು, ಲೆಕ್ಕವಿಲ್ಲದ ಸಂಪತ್ತು ಹುಡುಕುವುದು ಈ ಸೆಕ್ಷನ್ನಿನ ಉದ್ದೇಶವಲ್ಲ ಎಂಬುದು ಅದರ ಕಾರಣ. ಎರಡನೆಯದೇ ಸರಿ ಎಂದು ನನ್ನ ಅಭಿಪ್ರಾಯ. ನೋಟಿನ ಕಟ್ಟು ತನ್ನಷ್ಟಕ್ಕೆ ಯಾವ ಮಾರಾಟದ ಕಥೆಯನ್ನೂ ಹೇಳುವುದಿಲ್ಲ. ಬ್ಯಾಂಕಿನಿಂದ ತೆಗೆದ ದಾಖಲೆ, ಹತ್ತಿ ಮಾರಿದ ಪಟ್ಟಿ, ಛತ್ರದ ಮುಂಗಡ ರಸೀದಿ ಜೋಡಿಸಿ ಬಿಡುಗಡೆಗೆ ಅರ್ಜಿ ಕೊಡಿ. ಮದುವೆಯ ದಿನ ಹತ್ತಿರವಿದ್ದರೆ ಉತ್ತರಕ್ಕಾಗಿ ಬಹಳ ಕಾಯದೆ ಕಲಬುರಗಿ ಪೀಠದ ವಕೀಲರನ್ನು ಕಾಣಿ.

ಪ್ರಶ್ನೆ: ವಾಟ್ಸ್‌ಆ್ಯಪಿನಲ್ಲಿ ಸರ್ಕಾರಿ ಲಾಂಛನವಿರುವ ಜಿಎಸ್‌ಟಿ ಸಮನ್ಸ್ ಬಂದಿದೆ. ನಿಜವೇ?

ಉತ್ತರ: ನೋಟಿಸು ತಲುಪಿಸುವ ದಾರಿಗಳನ್ನು 169ನೇ ಸೆಕ್ಷನ್ ಹೇಳುತ್ತದೆ: ಖುದ್ದಾಗಿ, ಅಂಚೆ, ಇಮೇಲ್, ಪೋರ್ಟಲ್, ಪತ್ರಿಕೆ, ಬಾಗಿಲಿಗೆ ಅಂಟಿಸುವುದು. ವಾಟ್ಸ್‌ಆ್ಯಪ್ ಅದರಲ್ಲಿಲ್ಲ. ಕಾಗದದ ಮೇಲೆ ಡಿಐಎನ್ (ದಾಖಲೆಯ ಗುರುತಿನ ಸಂಖ್ಯೆ) ಅಥವಾ ಆರ್‌ಎಫ್‌ಎನ್ (ಉಲ್ಲೇಖ ಸಂಖ್ಯೆ) ಹುಡುಕಿ, ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿ. ಕೇಂದ್ರದಲ್ಲಿ ಡಿಐಎನ್ ಪದ್ಧತಿ 2019ರ ನವೆಂಬರಿನಿಂದ ಇದೆ. 2022ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಈ ವಿಷಯ ಬಂದಾಗ, ಇಂಥ ಪದ್ಧತಿ ತಂದಿದ್ದ ರಾಜ್ಯಗಳು ಕರ್ನಾಟಕ ಮತ್ತು ಕೇರಳ ಎರಡೇ. ಸಂಖ್ಯೆ ತಾಳೆಯಾಗದಿದ್ದರೆ ಆ ಫೋನಿಗೆ ಉತ್ತರಿಸಬೇಡಿ, ಸ್ಥಳೀಯ ಜಿಎಸ್‌ಟಿ ಕಚೇರಿಗೆ ತೋರಿಸಿ.

ಪ್ರಶ್ನೆ: ಅಂಗಡಿ ಮುಚ್ಚಿ ವರ್ಷವಾಯಿತು. ಬ್ಯಾಂಕ್ ಖಾತೆ ತಡೆಹಿಡಿದ ಮೇಲೆಯೇ ನನ್ನ ಮೇಲೆ ಆದೇಶವಾಗಿದೆ ಎಂದು ಗೊತ್ತಾದದ್ದು. ನೋಟಿಸು ಪೋರ್ಟಲಿನಲ್ಲೇ ಇತ್ತಂತೆ, ನಾನು ನೋಡಿಲ್ಲ.

ಉತ್ತರ: ಪೋರ್ಟಲಿನಲ್ಲಿ ‘ನೋಟಿಸು ಮತ್ತು ಆದೇಶಗಳು’ ಎಂಬ ಜಾಗವೂ ‘ಹೆಚ್ಚುವರಿ ನೋಟಿಸು ಮತ್ತು ಆದೇಶಗಳು’ ಎಂಬ ಜಾಗವೂ ಬೇರೆ ಬೇರೆ ಇವೆ. ಎರಡನೆಯದನ್ನು ತೆರೆಯದವರೇ ಬಹಳ. ಈಗಲೇ ತೆರೆದು ಮೂರು ದಿನಾಂಕ ಬರೆದುಕೊಳ್ಳಿ: ನೋಟಿಸಿನದು, ವಿಚಾರಣೆಗೆ ಕರೆದದ್ದು, ಆದೇಶದ್ದು. ವಿರುದ್ಧವಾದ ಆದೇಶ ಕೊಡುವಾಗ, ನೀವು ಕೇಳದಿದ್ದರೂ, ಖುದ್ದು ವಿಚಾರಣೆಗೆ ಅವಕಾಶ ಕೊಡಬೇಕೆಂದು 75ನೇ ಸೆಕ್ಷನ್ ಹೇಳುತ್ತದೆ. ಎಷ್ಟೋ ಆದೇಶಗಳಲ್ಲಿ ವಿಚಾರಣೆಯ ದಿನಾಂಕದ ಜಾಗ ಖಾಲಿ ಇರುತ್ತದೆ. ನಿಮ್ಮದರಲ್ಲೂ ಹಾಗಿದ್ದರೆ ಅದೇ ನಿಮ್ಮ ಮೊದಲ ಆಧಾರ.

ಮೇಲ್ಮನವಿಗೆ ಆದೇಶ ತಲುಪಿದ ದಿನದಿಂದ 3 ತಿಂಗಳು. ತಕ್ಕ ಕಾರಣವಿದ್ದರೆ ಇನ್ನೊಂದು ತಿಂಗಳನ್ನು ಮೇಲ್ಮನವಿ ಅಧಿಕಾರಿ ಮನ್ನಿಸಬಹುದು, ಅದರಾಚೆ ಒಂದು ದಿನವೂ ಅವರ ಕೈಯಲ್ಲಿಲ್ಲ. ನಾನು ಆ ಕುರ್ಚಿಯಲ್ಲಿದ್ದಾಗ ನ್ಯಾಯವಾದ ಪ್ರಕರಣಗಳನ್ನೂ ಇದೇ ಕಾರಣಕ್ಕೆ ತಿರಸ್ಕರಿಸಬೇಕಾಗಿ ಬಂದಿದೆ. ಅವಧಿ ಇದ್ದರೆ ವಿವಾದದ ತೆರಿಗೆಯ ಶೇ 10 ಕಟ್ಟಿ ಮೇಲ್ಮನವಿ ಹಾಕಿ. ಹಾಕಿದ ಕೂಡಲೇ ಉಳಿದ ಮೊತ್ತದ ವಸೂಲಿ ನಿಲ್ಲುತ್ತದೆ, ಆ ಸ್ವೀಕೃತಿಯನ್ನು ಬ್ಯಾಂಕಿಗೆ ನೋಟಿಸು ಕೊಟ್ಟ ಅಧಿಕಾರಿಗೆ ತೋರಿಸಿ ಖಾತೆ ಬಿಡಿಸಿಕೊಳ್ಳಿ. ನಾಲ್ಕೂ ತಿಂಗಳು ಮುಗಿದಿದ್ದರೆ ಉಳಿದಿರುವುದು ಹೈಕೋರ್ಟಿನ ರಿಟ್ ಅರ್ಜಿ. ಅಲ್ಲಿಗೆ ಹೋಗುವಾಗ ಪೋರ್ಟಲಿನ ಆ ಎರಡೂ ಪುಟಗಳ ಪ್ರತಿ, ಅಂಗಡಿ ಮುಚ್ಚಿದ ದಾಖಲೆ, ನೋಂದಣಿ ರದ್ದಾದ ಆದೇಶ ಮೂರೂ ಜೊತೆಗಿರಲಿ.